ತಿಂಗಳಿಗೆ ಮೂರು ಕೂದಲೆಳೆ

ಆ ಬಣ್ಣದ ಕಾರ್ಖಾನೆಯಲ್ಲಿ ಅಪಘಾತ ಆಗಲೇಬಾರದು. ಆದರೆ ತಿಂಗಳಿಗೆ ಮೂರು ಅಪಘಾತಗಳು ಕೂದಲೆಳೆಯಲ್ಲಿ ತಪ್ಪಲೇಬೇಕು. ಇದು ಮೇಲಿನವರ ಆಜ್ಞೆ. ತಪ್ಪಿದ್ದರಿಂದ ಪಾಠ ಕಲಿಯಬೇಕಂತೆ. ಅದಕ್ಕೊಂದು ಫಾರಂ ಮಾಡಿದ್ದರು, ಕೆಲಸಗಾರರು ಅದನ್ನು ‘ಕೂದಲೆಳೆ’ ಎಂದೇ ಕರೆಯುತ್ತಿದ್ದರು. ಮೊದಮೊದಲು ಒಬ್ಬಿಬ್ಬರು ನಿಜ ಬರೆದುಕೊಟ್ಟರು. ‘ತಪ್ಪು ಯಾರದು?’ ಎಂಬ ಕಾಲಂ ತುಂಬಲು ಬರೆದವರನ್ನೇ ಕರೆಸಿ ಉಗಿದದ್ದಾಯಿತು. ಆಮೇಲೆ ಯಾರೂ ಫಾರಂ ಮುಟ್ಟಲಿಲ್ಲ.

ತುಂಬುವ ಕರ್ಮ ಉಗ್ರಾಣದ ಗುಮಾಸ್ತನ ತಲೆಗೆ ಬಂತು. ಪಾಪ, ಮೂರು ವರ್ಷದಿಂದ ಅವನು ತಿಂಗಳ ಕೊನೆಗೆ ಚಹಾ ಹೀರುತ್ತ ಮೂರು ಅಪಘಾತ ಹುಟ್ಟಿಸುತ್ತಿದ್ದ, ಕೊನೇ ಗಳಿಗೆಯಲ್ಲಿ ತಾನೇ ತಪ್ಪಿಸುತ್ತಲೂ ಇದ್ದ. ಓದುವವರೇ ಇರಲಿಲ್ಲವಾದ್ದರಿಂದ ಎಲ್ಲ ಸಸೂತ್ರವಾಗಿ ನಡೆದಿತ್ತು.

ಅವತ್ತು ಬೆಳಿಗ್ಗೆ ಓದುವವರು ಬಂದರು. ಸುರಕ್ಷತಾ ಅಧಿಕಾರಿಯಾಗಿ ಹೊಸದಾಗಿ ಸೇರಿದ್ದ ಮೇಡಂ ಆ ತಿಂಗಳ ಮೂರೂ ಫಾರಂಗಳನ್ನು ಅವನ ಮೇಜಿನ ಮೇಲೆ ಹರಡಿದರು.

“ತುಂಬಾ ಚೆನ್ನಾಗಿ ಬರ್ದಿದೀರಿ. ಹನ್ನೊಂದು ಗಂಟೆಗೆ ಮೂರೂ ಜಾಗ ನೋಡೋಣ.”

ಸುಳ್ಳು ವರದಿ ಎಂದು ತಿಳಿದರೆ ಕೆಲಸ ಹೋದಂತೆಯೇ. ಗುಮಾಸ್ತ ಉಗ್ರಾಣಕ್ಕೆ ಓಡಿದ. ಅಲ್ಲಿ ಹಮಾಲಿ ಮಾಡುತ್ತಿದ್ದವನು ಅವನ ಅಕ್ಕನ ಗಂಡ. ಆ ಕೆಲಸ ಕೊಡಿಸಿದವನೂ ಗುಮಾಸ್ತನೇ.

“ಭಾವ, ಮಾನ ಉಳಿಸಿ! ಮೂರನೇ ರ‍್ಯಾಕು ಅಲ್ಲಾಡತ್ತೆ ಅಂತ ಬರ್ದುಬಿಟ್ಟಿದೀನಿ. ಎರಡು ಬೋಲ್ಟ್ ಸಡಿಲ ಮಾಡಿ.”

ಭಾವ ಸ್ಪ್ಯಾನರ್ ಹಿಡಿದು ಹತ್ತಿದ. ಇಳಿದು ಬಂದು ಸ್ಪ್ಯಾನರನ್ನು ಅವನ ಕೈಗೇ ಕೊಟ್ಟ.

“ಬೋಲ್ಟ್ ಇದ್ರೆ ತಾನೇ ಸಡಿಲ ಮಾಡೋದು? ತಂತಿ ಕಟ್ಟಿದಾರೆ.”

“ಯಾವಾಗಿಂದ?”

“ನಮ್ಮ ಚಿಕ್ಕೋಳು ಹುಟ್ಟಿದಾಗಿಂದ. ಅವಳೀಗ ಶಾಲೆಗೆ ಹೋಗ್ತಾಳೆ.”

ಬದುಕಿದೆಯಾ ಬಡಜೀವವೇ ಎಂದುಕೊಂಡು ಗುಮಾಸ್ತ ಕಾವಲುಗಾರನ ಬಳಿಗೆ ಓಡಿದ. “ಅಣ್ಣಾ, ಹಿಂಬಾಗಿಲು ಒಂದರ್ಧ ಗಂಟೆ ತೆರೀದ ಹಾಗೆ ಮಾಡು.”

“ಅರ್ಧ ಗಂಟೆ ಯಾಕೆ ಸಾರ್? ಅದನ್ನ ತೆಗೆದೇ ಎರಡು ವರ್ಷ ಆಯ್ತು. ಬೀಗದ ಕೈ ಕಳ್ದೋಗಿದೆ.”

“ಮತ್ತೆ ಬೆಂಕಿ ಬಿದ್ರೆ?”

“ಮುಂಬಾಗಿಲಲ್ಲಿ ಹೋಗೋದು. ಬೆಂಕಿ ಅಲ್ಲಿಲ್ದೇ ಇದ್ರೆ.”

ಗುಮಾಸ್ತನಿಗೆ ಈಗ ಬೇರೆಯೇ ಭಯ ಹತ್ತಿತು. ಎರಡು ಸುಳ್ಳು ನಿಜವಾಗಿದ್ದವು. ಮೂರನೆಯದರಲ್ಲಿ ಏನು ಬರೆದಿದ್ದ? ‘ಚೈನ್ ಪುಲ್ಲಿಯ ಕೊಕ್ಕೆ ಜಾರಿ ಡ್ರಮ್ಮು ಬಿತ್ತು. ಕೆಳಗಿದ್ದ ಹಮಾಲಿ ಕೂದಲೆಳೆಯಲ್ಲಿ ಪಾರಾದ.’ ಹಮಾಲಿ ಎಂದು ಬರೆಯುವಾಗ ಯಾವ ಹಮಾಲಿ ಎಂದು ಅವನು ಯೋಚಿಸಿರಲಿಲ್ಲ. ಪುಲ್ಲಿಯ ಕೆಳಗೆ ನಿಲ್ಲುತ್ತಿದ್ದವನು ಒಬ್ಬನೇ.

ಈ ಸಲ ಅವನು ಓಡಿದ್ದು ಕೆಲಸ ಉಳಿಸಿಕೊಳ್ಳಲು ಅಲ್ಲ. ಮೇಡಂ, ಮ್ಯಾನೇಜರು ಆಗಲೇ ಅಲ್ಲಿ ನಿಂತಿದ್ದರು. ಬಣ್ಣದ ಡ್ರಮ್ಮು ಮೇಲೇರುತ್ತಿತ್ತು. ಭಾವ ಅದರ ಕೆಳಗೇ ಇದ್ದ. “ಭಾವಾ!” ಎಂದು ಕಿರುಚಿ ಗುಮಾಸ್ತ ಅವನ ಅಂಗಿ ಹಿಡಿದು ಜಗ್ಗಿದ. ಇಬ್ಬರೂ ಉರುಳಿದರು. ಭಾವ ನಿಂತಿದ್ದ ಜಾಗಕ್ಕೆ ಡ್ರಮ್ಮು ಧಡಾರನೆ ಬಿದ್ದು ಒಡೆಯಿತು. ಮೇಡಂ, ಮ್ಯಾನೇಜರು, ಭಾವ, ಗುಮಾಸ್ತ ನಾಲ್ವರೂ ಗಿಣಿಗಳ ಹಾಗೆ ಹಸಿರಾದರು.

“ಅಕ್ಕನಿಗೆ ಹೇಗೆ ಮುಖ ತೋರಿಸ್ತಿದ್ದೆ ಭಾವ!” ಗುಮಾಸ್ತ ಗಳಗಳನೆ ಅತ್ತ.

ಮೇಡಂ ಕನ್ನಡಕ ಒರೆಸಿಕೊಂಡರು. “ಇದು ನಿಮಗೆ ಮೊದ್ಲೇ ಗೊತ್ತಿತ್ತು!”

“ಇಲ್ಲ ಮೇಡಂ. ಎಲ್ಲಾ ಸುಳ್ಳು. ನನ್ನ ತಲೇಲಿ ಹುಟ್ಟಿದ್ದು.”

“ತಲೇಲೆಲ್ಲಿ ಹುಟ್ತು, ಪುಣ್ಯಾತ್ಮ?” ಎಂದ ಭಾವ. “ಟೀ ಕುಡಿಯೋವಾಗ ಪಕ್ಕದ ಬೆಂಚಲ್ಲಿ ನಾವು ಆಡ್ಕೊಂಡು ನಗೋದು ಇದೇ ತಾನೇ? ಕಿವಿಗೆ ಬಿದ್ದದ್ದನ್ನೇ ಬರ್ದಿದೀಯ. ಫಾರಂ ಬರೆಯೋಕೆ ಭಯ, ನಗೋಕೆ ಏನು ಭಯ?”

ಗುಮಾಸ್ತ ದಂಗಾದ. ಇಡೀ ಕಾರ್ಖಾನೆಗೆ ಎಲ್ಲವೂ ಗೊತ್ತಿತ್ತು. ಅದನ್ನು ಹೆದರದೆ ಹೇಳಿಕೊಳ್ಳಲು ಚಹಾದ ಬೆಂಚೊಂದನ್ನು ಬಿಟ್ಟರೆ ಬೇರೆ ಜಾಗವಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಸಭೆ ಸೇರಿತು. ರ‍್ಯಾಕು, ಬಾಗಿಲು, ಪುಲ್ಲಿ ಮೂರನ್ನೂ ರಿಪೇರಿ ಮಾಡಿಸಲು ಒಪ್ಪಿಗೆಯಾಯಿತು. ಆಮೇಲೆ ‘ಸುಳ್ಳು ವರದಿಯ ಮೂಲ ಕಾರಣ’ ಹುಡುಕಿದರು. ಮೇಡಂ ಎಷ್ಟು ತಲೆ ಚಚ್ಚಿಕೊಂಡರೂ ಕೇಳದೆ ಮ್ಯಾನೇಜರು ಕಂಡುಹಿಡಿದೇಬಿಟ್ಟರು: ಚಹಾ ವೇಳೆಯ ಹರಟೆ!

ಮ್ಯಾನೇಜರು ಗುಮಾಸ್ತನನ್ನು ಕರೆಸಿದರು. “ನಿಮ್ಮನ್ನ ಕೆಲಸದಿಂದ ತೆಗೆಯೋಲ್ಲ. ಇನ್ಮೇಲೆ ಟೀ ಹೊತ್ತಲ್ಲಿ ಯಾರೂ ಮಾತಾಡೋ ಹಾಗಿಲ್ಲ. ಮಾತಾಡಿದವರ ಹೆಸರು ಬರ್ಕೊಳ್ಳಿ. ಬರೆಯೋದು ನಿಮಗೆ ಚೆನ್ನಾಗಿ ಬರತ್ತಲ್ಲ.”

ಸಂಜೆ ಭಾವ ರಜೆ ಹಾಕಿ ಮನೆಗೆ ಹೋಗಿದ್ದ. ಗುಮಾಸ್ತ ಪೆನ್ನು ಹಿಡಿದು ಚಹಾದ ಕೋಣೆಯ ನಡುವೆ ಕುರ್ಚಿ ಹಾಕಿಕೊಂಡು ಕುಳಿತ. ಅವನ ನೆತ್ತಿಯ ಮೇಲೆ ಫ್ಯಾನು ಒಂದೇ ನಟ್ಟಿನಲ್ಲಿ ತೂಗುತ್ತ ತಿರುಗುತ್ತಿತ್ತು. ಕೆಲಸಗಾರರು ಅದನ್ನು ನೋಡಿದರು, ಪೆನ್ನನ್ನು ನೋಡಿದರು, ಒಬ್ಬೊಬ್ಬರಾಗಿ ಬೆಂಚನ್ನು ಗೋಡೆಯ ಕಡೆ ಸರಿಸಿಕೊಂಡರು. ನನ್ನ ಮೇಲೆ ಎಲ್ಲರಿಗೂ ಮುನಿಸು ಎಂದು ಗುಮಾಸ್ತನಿಗೆ ಸಂಕಟವಾಯಿತು.

ಕಾವಲುಗಾರನಿಗೆ ತಡೆಯಲಾಗಲಿಲ್ಲ. ತುಟಿ ಬಿಗಿಹಿಡಿದೇ ಬೆರಳನ್ನು ಮತ್ತೆ ಮತ್ತೆ ಮೇಲಕ್ಕೆ ತೋರಿಸಿದ. ಮ್ಯಾನೇಜರು ಮಹಡಿಯಿಂದ ನೋಡುತ್ತಿದ್ದಾರೆ ಎನ್ನುತ್ತಿದ್ದಾನೆ ಎಂದುಕೊಂಡ ಗುಮಾಸ್ತ, ಕೂತಲ್ಲಿಂದ ಒಂದಿಂಚೂ ಕದಲದೆ ಇನ್ನಷ್ಟು ನೆಟ್ಟಗಾದ.