ಅಪ್ಪಣೆಯಿಲ್ಲದೆ ಎದ್ದ ಶವದ ಅಹವಾಲು

ಪರಮ ಮಾನ್ಯ ವಿಪತ್ತು ನಿರ್ವಹಣಾಧಿಕಾರಿಗಳೇ,

ಬಸ್ ನಿಲ್ದಾಣದೆದುರಿನ ಹೊಲಿಗೆ ಅಂಗಡಿಯ ಈ ದರ್ಜಿಯ ಸಾವಿರ ನಮಸ್ಕಾರಗಳು. ತಾವು ಪೂರ್ಣ ಚೇತರಿಸಿಕೊಂಡು ಕಚೇರಿಗೆ ಮರಳಿದ್ದೀರೆಂದೂ, ಮರಳಿದ ದಿನವೇ ಸಹಿ ಹಾಕಿದ ಮೊದಲ ಕಾಗದ ನನ್ನನ್ನು ತುರ್ತು ಸೇವೆಯ ಸ್ವಯಂಸೇವಕರ ಪಟ್ಟಿಯಿಂದ ತೆಗೆದುಹಾಕುವ ನೋಟಿಸೆಂದೂ ತಿಳಿದು, ಮೊದಲನೆಯದಕ್ಕೆ ಸಂತೋಷವನ್ನೂ ಎರಡನೆಯದಕ್ಕೆ ಆಕ್ಷೇಪಣೆಯನ್ನೂ ಈ ಮೂಲಕ ಸಲ್ಲಿಸುತ್ತಿದ್ದೇನೆ.

ಕಳೆದ ತಿಂಗಳ ಅಣಕು ಕಾರ್ಯಾಚರಣೆಯಲ್ಲಿ, ಅಂದರೆ ಕಾರ್ಖಾನೆಯ ಗೋಡೆ ಕುಸಿದಿದೆಯೆಂದು ನಾವೆಲ್ಲ ನಟಿಸಿದ ಆ ಮಧ್ಯಾಹ್ನ, ಸ್ಟ್ರೆಚರ್ ಹೊರುತ್ತೇನೆಂದು ನಾನೇ ಕೈ ಎತ್ತಿದ್ದೆ. ತಮ್ಮ ಗುಮಾಸ್ತರು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, "ಇವ್ರು ಓಡ್ತಾರೇನ್ರೀ? ಸತ್ತೋರ ಸಾಲಿಗೆ ಹಾಕಿ" ಎಂದರು. ಕೂಡಲೇ ಚಿಕಿತ್ಸೆ ಬೇಕಾದವರಿಗೆ ಕೆಂಪು ಚೀಟಿ, ಕಾಯಬಲ್ಲವರಿಗೆ ಹಳದಿ, ನಡೆದಾಡುವವರಿಗೆ ಹಸಿರು, ಸತ್ತರೆಂದು ಕೈಬಿಟ್ಟವರಿಗೆ ಕಪ್ಪು ಎಂಬ ತಮ್ಮ ವ್ಯವಸ್ಥೆ ಎಷ್ಟು ಅಚ್ಚುಕಟ್ಟೆಂದರೆ, ಉಳಿದ ಮೂರು ಬಣ್ಣದವರಿಗೆ ಸಿಕ್ಕ ತಿಂಡಿಯ ಪೊಟ್ಟಣ ನನಗೆ ಮಾತ್ರ ಸಿಗಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಶಿಸ್ತಿನ ಶವವಾಗಿಯೇ ಮಲಗಿದ್ದೆ.

ಆಮೇಲೆ ತಾವು, ಆ ಉರಿಬಿಸಿಲಿನಲ್ಲಿ ಉಣ್ಣೆಯ ಕೋಟು ತೊಟ್ಟು, ಅವಘಡದ ಮೊದಲ ಹತ್ತು ನಿಮಿಷ ಎಷ್ಟು ಅಮೂಲ್ಯವೆಂಬುದನ್ನು ಐವತ್ತು ನಿಮಿಷ ವಿವರಿಸಿ, ಮೈಕಿನ ಸಮೇತ ದೊಪ್ಪನೆ ಬಿದ್ದಿರಿ. ಅಬ್ಬಬ್ಬಾ, ಎಂಥ ಚಪ್ಪಾಳೆ! ಆಂಬುಲೆನ್ಸ್ ಚಾಲಕರು ಕಾರ್ಯಕ್ರಮದ ಪ್ರಕಾರ ಗಾಡಿಯ ಸರದಿ ಹನ್ನೆರಡೂ ನಲವತ್ತಕ್ಕೆಂದು ಗಡಿಯಾರ ನೋಡುತ್ತ ಕುಳಿತರು, ದಾದಿಯಮ್ಮ ಮೂರು ಬಾರಿ ಪಟ್ಟಿ ತಿರುವಿಹಾಕಿ, "ಸಾಹೇಬ್ರ ಹೆಸ್ರೇ ಇದ್ರಲ್ಲಿಲ್ವಲ್ಲಾ, ಯಾವ ಬಣ್ಣ ಕಟ್ಲಿ?" ಎಂದು ಪೇಚಾಡಿದರು. ನನ್ನ ಪಕ್ಕದಲ್ಲೇ ಬಿದ್ದಿದ್ದ ತಮ್ಮ ಮೈ ಕೆಂಡದಂತೆ ಸುಡುತ್ತಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಇದು ನಟನೆಯಲ್ಲವೆಂದು ನನಗೆ ತಕ್ಷಣ ಗೊತ್ತಾಯಿತು, ಏಕೆಂದರೆ ಹೋದ ವರ್ಷ ನನ್ನ ಅಕ್ಕ ಅಂಗಡಿಯಲ್ಲಿ ಹೀಗೇ ಕುಸಿದಾಗ ನಾನು ಬಾಯಿ ಬಡಿದುಕೊಳ್ಳುವುದು ಬಿಟ್ಟು ಬೇರೇನೂ ಮಾಡಲಿಲ್ಲ. ದಾರಿಹೋಕರೊಬ್ಬರು ಅವಳನ್ನು ಉಳಿಸಿದರು. ಆ ನಾಚಿಕೆಗೇ ತಮ್ಮ ತರಬೇತಿಗೆ ಸೇರಿದವನು ನಾನು.

ಎದ್ದೆ. ತಮ್ಮನ್ನು ನೆರಳಿಗೆ ಎಳೆದು, ಜೇಬಿನ ಕತ್ತರಿಯಿಂದ ಕೋಟು ಸೀಳಿ, ಬೆಂಕಿ ಆರಿಸಲೆಂದು ತೂಗುಹಾಕಿದ್ದ ಬಕೆಟ್ಟಿನ ನೀರನ್ನು ಮೈಮೇಲೆ ಸುರಿದು, ತಮ್ಮದೇ ಭಾಷಣದ ಹಾಳೆಗಳಿಂದ ಗಾಳಿ ಬೀಸಿದೆ. ಆ ಹಾಳೆಗಳಿಂದ ಒಬ್ಬರಿಗಾದರೂ ಉಪಯೋಗವಾದದ್ದು ಅದೇ ಮೊದಲೆಂದು ಕೇಳಿದ್ದೇನೆ.

ನೋಟಿಸಿನ ಪ್ರಕಾರ ಇದರಲ್ಲಿ ಮೂರು ತಪ್ಪುಗಳಿವೆ. ಕೋಟು ಹಾಳಾಯಿತೆಂದಿದ್ದೀರಿ, ಆದರೆ ಅದನ್ನು ಹೊಲಿಗೆಯ ಗುಂಟವೇ ಬಿಚ್ಚಿದ್ದೇನೆ; ಕಳುಹಿಸಿಕೊಟ್ಟರೆ ಗುರುತೇ ಸಿಗದಂತೆ ಹೊಲಿದು, ಸೊಂಟದಲ್ಲಿ ಎರಡಂಗುಲ ಸಡಿಲವನ್ನೂ ಬಿಟ್ಟುಕೊಡುತ್ತೇನೆ. ನೀರು ಬೆಂಕಿಗೆ ಮೀಸಲಾಗಿತ್ತೆಂಬುದು ನಿಜ. ಇನ್ನು ಮುಂದೆ ಬಿಸಿಲಿಗೆ ಬೀಳುವವರು ಮೊದಲು ಹೊತ್ತಿ ಉರಿಯತಕ್ಕದ್ದೆಂದು ದಯವಿಟ್ಟು ಸುತ್ತೋಲೆ ಹೊರಡಿಸಿ. ಹಾಗೆಯೇ ವಿಪತ್ತುಗಳು ಮೂರು ದಿನ ಮುಂಚಿತವಾಗಿ ಅರ್ಜಿ ಕೊಟ್ಟು, ಕಚೇರಿ ವೇಳೆಯಲ್ಲಿ, ಹೆಸರು ನೋಂದಾಯಿಸಿಕೊಂಡವರ ಮೇಲೆ ಮಾತ್ರ ಎರಗುವಂತೆ ಆದೇಶಿಸಿದರೆ ಮಹದುಪಕಾರವಾಗುತ್ತದೆ.

ನನ್ನ ಹೆಸರನ್ನು ಮಾತ್ರ ಮರಳಿ ಸೇರಿಸಿ, ಸ್ವಾಮಿ. ಪಟ್ಟಿಯಲ್ಲಿಲ್ಲದವರನ್ನು ಮುಂದಿನ ತರಬೇತಿಗೆ ಬಿಡುವುದಿಲ್ಲವಂತೆ. ನಿಂತ ಉಸಿರನ್ನು ಮರಳಿಸುವ ಪಾಠ ಇನ್ನೂ ಬಾಕಿಯಿದೆ, ಅದನ್ನು ಕಲಿಯದೆ ನನಗೆ ನೆಮ್ಮದಿಯಿಲ್ಲ.

ತಮ್ಮ ವಿಶ್ವಾಸಿ,
ತಮ್ಮ ದಾಖಲೆಯಲ್ಲಿ ಈಗಲೂ ಮೃತನಾಗಿರುವ ದರ್ಜಿ

ವಿ.ಸೂ.: ಮೂರನೆಯ ತಪ್ಪಿಗೆ ಉತ್ತರ ಬಿಟ್ಟುಹೋಯಿತು. ಮೃತನೆಂದು ಘೋಷಿತನಾದವನು ಅಪ್ಪಣೆಯಿಲ್ಲದೆ ಏಕೆ ಎದ್ದನೆಂದು ಕೇಳಿದ್ದೀರಿ. ಮೈದಾನದಲ್ಲಿ ಬದುಕಿದ್ದವರು ಇನ್ನೂರು ಜನರಿದ್ದರು, ಅವರಿಗೆಲ್ಲ ಚಪ್ಪಾಳೆ ತಟ್ಟುವ ಕೆಲಸವಿತ್ತು, ಬಿಡುವಾಗಿದ್ದವನು ನಾನೊಬ್ಬನೇ.