ಉಡಿಯಕ್ಕಿಯೂ ಬೇವಿನ ಸಸಿಯೂ

ಚಿಂತೆ ಮಾಡುವವರಿಗೆ ಲೋಕದಲ್ಲಿ ಮರ್ಯಾದೆ ಕಡಿಮೆ. ಹಾಡುವವರನ್ನು ಕರೆದು ಹಾಡಿಸುತ್ತಾರೆ, ಅಡುಗೆ ಬಲ್ಲವರನ್ನು ಮದುವೆ ಮನೆಗೆ ಕರೆದೊಯ್ಯುತ್ತಾರೆ. ‘ನೀವು ಬಹಳ ಚೆನ್ನಾಗಿ ಚಿಂತೆ ಮಾಡ್ತೀರಂತೆ, ನಮ್ಮ ಮನೆಗೂ ಒಮ್ಮೆ ಬನ್ನಿ’ ಎಂದು ನನ್ನನ್ನು ಇದುವರೆಗೆ ಯಾರೂ ಕರೆದಿಲ್ಲ. ಹಾಗೆಂದು ನಾನು ಕಸುಬು ಬಿಟ್ಟವನಲ್ಲ. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಇಷ್ಟು ವರ್ಷ ಕುಳಿತ ಮೇಲೆ, ತಿರುಗುವ ಫ್ಯಾನು ಕಂಡರೆ ಅದು ಬೀಳುವುದೂ, ಗ್ಯಾಸಿನ ಸಿಲಿಂಡರು ಕಂಡರೆ ಅದು ಹಾರುವುದೂ ನನಗೆ ಕಣ್ಣಿಗೆ ಕಟ್ಟುತ್ತದೆ. ಇಂಥವನಿಗೆ ದೇವರು ಚಿಂತೆಯ ಗಂಧವೇ ಇಲ್ಲದ ಹೆಂಡತಿಯನ್ನು ಕೊಟ್ಟ. ಅಷ್ಟಕ್ಕೇ ಬಿಡದೆ, ಜನ ಅವಳಿಗೆ ಓಟು ಹಾಕಿ ಬಳ್ಳಾರಿ ಪಾಲಿಕೆಯ ಸದಸ್ಯೆಯನ್ನಾಗಿ ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಸರಿಯಾದ ಪಾಲು ಹಂಚಿಕೆಯಾಗಿದೆ: ವಾರ್ಡಿನ ಕೆಲಸ ಗಿರಿಜೆಗೆ, ವಾರ್ಡಿನ ಚಿಂತೆ ನನಗೆ.

ಪ್ರತಿ ಭಾನುವಾರ ಬೆಳಿಗ್ಗೆ ಗಿರಿಜೆ ವಾರ್ಡಿನ ವಾಟ್ಸಾಪ್ ಗುಂಪಿಗೆ ಒಂದು ವರದಿ ಹಾಕುತ್ತಾಳೆ. ಅವಳು ಒಗ್ಗರಣೆ ಹಾಕುತ್ತಾ ಹೇಳುತ್ತಾಳೆ, ನಾನು ಕನ್ನಡಕ ಏರಿಸಿಕೊಂಡು ಬೆರಳಿನಿಂದ ಕುಟ್ಟುತ್ತೇನೆ. ಹಸಿ ಕಸ ಬೇರೆ ಮಾಡಿದ ಓಣಿ ಯಾವುದು, ಮಾಡದೆ ಸುಳ್ಳು ಹೇಳಿದ ಓಣಿ ಯಾವುದು, ಪಾಲಿಕೆಯ ಹವಾಮಾನ ಯೋಜನೆಯ ಸಭೆಯಲ್ಲಿ ಏನು ಮಾತಾಯಿತು, ಬೀದಿಯ ಹಳೆ ದೀಪ ತೆಗೆದು ಕರೆಂಟು ಕಡಿಮೆ ತಿನ್ನುವ ದೀಪ ಯಾವಾಗ ಬರುತ್ತದೆ, ನಡುವೆ ಯಾರ ಮಗಳು ನರ್ಸಿಂಗ್ ಪಾಸಾದಳು, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಎಲ್ಲವೂ ಅದರಲ್ಲಿ ಇರುತ್ತದೆ. ನಾನು ಒಂದೊಂದು ಸಾಲಿನ ತುದಿಗೆ ಮೆಲ್ಲಗೆ ಒಂದು ‘ಆದರೆ’ ಸೇರಿಸುತ್ತೇನೆ. ದೀಪಗಳು ಬರುತ್ತವೆ, ಆದರೆ ಮಳೆಗೆ ಕೆಡಬಹುದು. ಗಿರಿಜೆ ಸೌಟು ಹಿಡಿದೇ ಬಂದು ಓದಿ ಅದನ್ನು ಅಳಿಸುತ್ತಾಳೆ. “ಕೆಡೂದು ಕೆಟ್ಟ ಮ್ಯಾಲ ಬರೀರಿ. ಈಗ ಬರೂದನ್ನಷ್ಟ ಬರೀರಿ.”

ಈ ಬೇಸಿಗೆಯ ಒಂದು ಭಾನುವಾರ ಅವಳು ಹೇಳಿದ ಸಾಲು ಕೇಳಿ ನನ್ನ ಬೆರಳು ಅಲ್ಲೇ ನಿಂತಿತು. ‘ಇನ್ನು ಮುಂದೆ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡ. ಸನ್ಮಾನ ಮಾಡಲೇಬೇಕು ಅನ್ನಿಸಿದರೆ ಒಂದು ಸಸಿ ಕೊಡಿ. ಮಳೆಗಾಲ ಮುಗಿಯುವುದರೊಳಗೆ ಬಂದ ಸಸಿಯೆಲ್ಲ ನಮ್ಮ ವಾರ್ಡಿನ ನೆಲದಲ್ಲಿ ಇರುತ್ತದೆ. ಇದು ನನ್ನ ಮಾತು.’ ಕೊನೆಯ ವಾಕ್ಯ ಬೇಡವೆಂದು ನಾನು ಅಂಗಲಾಚಿದೆ. ಅವಳು ಅದನ್ನು ದಪ್ಪಕ್ಷರದಲ್ಲಿ ಹಾಕಿಸಿದಳು.

ಶಾಲಿನ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಕಡೆಯ ಸನ್ಮಾನದ ಶಾಲು ಯಾರ ಸೊತ್ತೂ ಅಲ್ಲ, ಅದು ಊರೂರು ಸುತ್ತುವ ಜೀವಿ. ಕುರುಗೋಡಿನ ಶಾಲಾ ಸಮಾರಂಭದಲ್ಲಿ ಗಿರಿಜೆಗೆ ಹೊದಿಸಿದ ಒಂದು ಹಸಿರು ಶಾಲನ್ನು ನಾವು ಸಿರುಗುಪ್ಪದಲ್ಲಿ ಬೀಗರ ಮನೆಯ ಹಿರಿಯರೊಬ್ಬರಿಗೆ ಹೊದಿಸಿ ಕೈ ಮುಗಿದು ಬಂದಿದ್ದೆವು. ಅದೇ ಶಾಲು ಆರು ತಿಂಗಳಾಗುವುದರೊಳಗೆ ಬಳ್ಳಾರಿಯ ವೇದಿಕೆಯೊಂದರಲ್ಲಿ ಮತ್ತೆ ಗಿರಿಜೆಯ ಹೆಗಲೇರಿತು. ಅಂಚಿನ ಸಾರಿನ ಕಲೆಯಿಂದ ನಾನು ಅದರ ಗುರುತು ಹಿಡಿದೆ. ಆದರೆ ಶಾಲಿನಂಥ ಸಾಧು ಇನ್ನೊಂದಿಲ್ಲ. ಮಡಿಚಿ ಕಪಾಟಿನಲ್ಲಿಟ್ಟರೆ ವರ್ಷಗಟ್ಟಲೆ ಮಾತಾಡುವುದಿಲ್ಲ, ನೀರು ಕೇಳುವುದಿಲ್ಲ.

ಸಸಿ ಕೇಳುತ್ತದೆ. ಅದೂ ಬಳ್ಳಾರಿಯ ಮೇ ತಿಂಗಳಲ್ಲಿ, ಸತ್ಯನಾರಾಯಣಪೇಟೆಯ ಮಾಳಿಗೆಯ ಮೇಲೆ, ನಲ್ಲಿಯ ನೀರು ತನಗೆ ಮನಸ್ಸು ಬಂದಾಗ ಬರುವ ಊರಿನಲ್ಲಿ. ಬೇವು, ಹೊಂಗೆ, ನೇರಳೆ, ಹುಣಸೆ, ಯಾರೋ ಭಕ್ತರು ತಂದ ಬನ್ನಿ, ಎಲ್ಲವೂ ಪ್ಲಾಸ್ಟಿಕ್ ವಿರೋಧಿ ಸದಸ್ಯೆಯ ಮನೆಗೆ ಮಿಂಚುವ ಪ್ಲಾಸ್ಟಿಕ್ ರಿಬ್ಬನ್ ಕಟ್ಟಿಕೊಂಡು ಬಂದವು. ಮಾಳಿಗೆ ತುಂಬಿ, ಮೆಟ್ಟಿಲಿಗೆ ಇಳಿದು, ಒಂದು ಹುಣಸೆ ನಮ್ಮ ಬಚ್ಚಲಿನ ಕಿಟಕಿಯಲ್ಲಿ ಕುಳಿತು ನಾನು ಸ್ನಾನ ಮಾಡುವುದನ್ನು ನೋಡತೊಡಗಿತು. ನಾನು ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಹೊತ್ತು ಮೇಲೆ ಕೆಳಗೆ ಓಡಾಡಿದೆ. ಕೊಟ್ಟವರಾದರೂ ಸುಮ್ಮನಿದ್ದರೇ? ಮದುವೆ ಮಾಡಿಕೊಟ್ಟ ಮಗಳನ್ನು ವಿಚಾರಿಸುವ ಹಾಗೆ ಬಾಗಿಲಲ್ಲಿ ನಿಂತು, “ನಮ್ಮ ನೇರಳಿ ಹ್ಯಾಂಗೈತ್ರಿ? ಯಾಕೋ ಸೊರಗೇತಲ್ರಿ?” ಎಂದು ನನ್ನ ಮುಖವನ್ನೇ ನೋಡುತ್ತಿದ್ದರು, ಅದರ ನೀರನ್ನೆಲ್ಲ ನಾನೇ ಕುಡಿದವನಂತೆ.

ಮುಂಗಾರಿನ ಮೋಡ ಕಂಡ ಮೇಲೆ ಸಸಿಗಳಿಗೆ ಜಾಗ ಹುಡುಕುವ ಕೆಲಸ ನನಗೆ ಬಿತ್ತು. ಗಿರಿಜೆಗೆ ಸಭೆಗಳಿದ್ದವು. ಪಾಲಿಕೆಯವರು ಗುಂಡಿ ತೋಡಿ, ಸುತ್ತ ಜಾಲರಿ ಹಾಕಿಕೊಡಲು ತಯಾರಿದ್ದರು; ಮನೆಯವರು ‘ಹೂಂ’ ಅಂದರೆ ಸಾಕಿತ್ತು. ಮೊದಲ ಮನೆ ನಿವೃತ್ತ ಹೆಡ್‌ಮಾಸ್ತರರದು. “ಬೇವು ಭಾಳ ಛಲೋರಿ. ಆದ್ರ ಬೇರು ನಮ್ಮ ನೀರಿನ ಸಂಪಿಗೆ ಬಂದೀತು ಅಂತ ಸ್ವಲ್ಪ ಹೆದರಿಕಿ” ಎಂದರು. ಇಂಥ ಹೊತ್ತಿನಲ್ಲಿ ಧೈರ್ಯ ಹೇಳಬೇಕು. ನಾನು ಹೇಳಿದೆ: “ಸಂಪಿಗಷ್ಟ ಅಲ್ರಿ ಸರ್, ಪಾಯಕ್ಕೂ ಹೋಗಬಹುದು.” ಅವರು ಗಾಬರಿಯಿಂದ ಗೇಟು ಹಾಕಿಕೊಂಡರು. ಪಕ್ಕದ ಬಟ್ಟೆ ಅಂಗಡಿಯವನು ಪಾಪ, ಒಪ್ಪಿಯೇ ಬಿಟ್ಟಿದ್ದ. ‘ನಿಮ್ಮ ಬೋರ್ಡು ಮರೆಯಾಗೂದಿಲ್ಲೇನು?’ ಎಂದು ನಾನೇ ನೆನಪು ಮಾಡಿಕೊಟ್ಟು ಬಂದೆ. ಎದುರು ಮನೆಯ ಪದ್ಮಾವತಮ್ಮ ತೆಲುಗಿನಲ್ಲಿ ನೇರವಾಗಿ ಹೇಳಿದರು, “ನೀಡ ಕಾವಾಲಿ, ಆಕುಲು ವದ್ದು ಅಣ್ಣಾ.” ನೆರಳು ಬೇಕಂತೆ, ಎಲೆ ಬೇಡವಂತೆ. ಅದೂ ನ್ಯಾಯವೇ ಅನ್ನಿಸಿ ತಲೆಯಾಡಿಸಿದೆ.

ಇವೆಲ್ಲ ಹೋಗಲಿ. ನಿಜವಾಗಿ ಗಿಡ ಬೇಕಿದ್ದದ್ದು ಟ್ಯಾಂಕರ್ ನಿಲ್ಲುವ ಮೂಲೆಗೆ. ನಲ್ಲಿ ಕೈಕೊಟ್ಟಾಗ ಓಣಿಯ ಹೆಂಗಸರೆಲ್ಲ ಕೊಡಗಳನ್ನು ಸಾಲಾಗಿ ಇಟ್ಟು ಕಾಯುವುದು ಅಲ್ಲಿ. ಕೈಯಗಲ ನೆರಳಿಲ್ಲ. ಈ ಬೇಸಿಗೆ ಬಸುರಿ ಹೆಣ್ಣುಮಗಳೊಬ್ಬಳು ಕಾದು ಕಾದು ಅಲ್ಲೇ ಕುಸಿದಿದ್ದಳು. ಅವಳಿಗೆ ಏನೂ ಆಗಲಿಲ್ಲ, ಆದರೆ ಗಿರಿಜೆ ಆ ದಿನ ಊಟ ಮಾಡಲಿಲ್ಲ. ಶಾಲು ಬೇಡ, ಸಸಿ ಕೊಡಿ ಎಂದದ್ದು ಆ ವಾರವೇ. ಆ ಮೂಲೆಯ ಮನೆ ಶರಣಮ್ಮನದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ರೊಟ್ಟಿ ಬಡಿದು ಮಾರಿ ಬದುಕುವ ಅವರ ಮನೆಯ ಮುಂದೆ ಒಮ್ಮೆ ಗಾಡಿ ನಿಲ್ಲಿಸಿದವರು ಅವರ ಬಾಯಿಗೆ ಹೆದರಿ ಎರಡನೇ ಸಲ ನಿಲ್ಲಿಸುವುದಿಲ್ಲ.

“ಏನಪಾ, ಗಿಡ ಹಚ್ಚಾಕ ಬಂದಿಯೇನು?” ಎಂದರು ನನ್ನನ್ನು ಕಂಡು, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ.

“ಹೌದ್ರಿ ಯಮ್ಮಾ. ಎಲ್ಲಾರಿಗೂ ನೆರಳಾಗತೈತಿ.”

“ನೆರಳು ಎಲ್ಲಾರಿಗೂ. ಕಸ ಹೊಡಿಯಾಕಿ ಯಾರು? ನಾನು! ಈ ಓಣ್ಯಾಗ ಒಂದು ಹಬ್ಬಕ್ಕ ನನ್ನ ಕರದೋರಿಲ್ಲ, ಕಸಕ್ಕ ಮಾತ್ರ ಶರಣಮ್ಮ ಬೇಕು. ನಡಿ ನಡಿ, ರೊಟ್ಟಿ ಹೊತ್ತತೈತಿ.”

ರೊಟ್ಟಿ ಇನ್ನೂ ಹೆಂಚಿಗೆ ಬಿದ್ದಿರಲಿಲ್ಲ. ನಾನು ನಡೆದೆ.

ಮಳೆ ಒಂದೆರಡು ಸಲ ಬಂದು ಹೋಯಿತು. ವಾಟ್ಸಾಪ್ ಗುಂಪಿನಲ್ಲಿ ಯಾರೋ, ‘ಮೇಡಂ, ಸಸಿಗಳು ಮಾಳಿಗೆಯ ಮೇಲೇ ಮರವಾಗುತ್ತವೆಯೇ?’ ಎಂದು ಕೇಳಿ ನಗುವ ಮುಖ ಹಾಕಿದರು. ಆ ನಗುವ ಮುಖಕ್ಕೆ ಮೂವತ್ತು ಜನ ಹೆಬ್ಬೆಟ್ಟು ಒತ್ತಿದರು. ಗಿರಿಜೆ ಮೊದಲ ಬಾರಿಗೆ ಸಪ್ಪಗಾದಳು. ನನಗೆ ಭಯವಾಯಿತು. ಮನೆಯಲ್ಲಿ ಇಬ್ಬರೂ ಚಿಂತೆಗೆ ಕುಳಿತರೆ ಅನ್ನ ಇಳಿಸುವವರು ಯಾರು?

ಅದೇ ಹೊತ್ತಿಗೆ ಹಚ್ಚೊಳ್ಳಿಯ ಅವಳ ತವರಿನಲ್ಲಿ ತಮ್ಮನ ಮನೆ ಪ್ರವೇಶ ಬಂತು. ಹೋಗಿ ಉಂಡು ಹೊರಟಾಗ ನಮ್ಮ ಅತ್ತೆ ಮಗಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದರು. ಸೆರಗು ಒಡ್ಡಿದರೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಕುಬಸದ ಖಣ. ಸಾಲದೆಂದು ಹಿತ್ತಲಿನ ಒಂದು ಕುಂಬಳಕಾಯಿ. ಪಾಲಿಕೆಯ ಕಮಿಷನರಿಗೇ ‘ಆಗೂದಿಲ್ಲ’ ಎನ್ನುವ ಗಿರಿಜೆ, ಆ ಗಜಗಾತ್ರದ ಕುಂಬಳವನ್ನು ತುಟಿ ಪಿಟಕ್ಕೆನ್ನದೆ ಸೆರಗಿಗೆ ತೆಗೆದುಕೊಂಡಳು. ಸಿರುಗುಪ್ಪ ದಾಟುವವರೆಗೆ, ತುಂಬಿ ತುಳುಕುವ ಬಸ್ಸಿನಲ್ಲಿ, ಅದು ನನ್ನ ತೊಡೆಯ ಮೇಲಿತ್ತು.

“ಏನ್ರಿ,” ಎಂದಳು ಇದ್ದಕ್ಕಿದ್ದ ಹಾಗೆ. “ಉಡ್ಯಾಗ ಹಾಕಿದ್ದನ್ನ ಬ್ಯಾಡ ಅನ್ನಾಕ ಬರಂಗಿಲ್ಲ, ಹೌದಲ್ರಿ?”

“ಬರೂಹಂಗಿದ್ರ ಇದು ನನ್ನ ತೊಡಿ ಮ್ಯಾಲ ಯಾಕ ಇರ್ತಿತ್ತು?”

ಅವಳ ಮುಖ ಬೆಳಗಿದ್ದನ್ನು ಕಂಡು, ಏನೋ ಗಂಡಾಂತರ ಕಾದಿದೆಯೆಂದು ನನಗೆ ಗೊತ್ತಾಯಿತು.

ಮರುವಾರದಿಂದ ಸದಸ್ಯೆ ತಾನೇ ಮನೆ ಮನೆಗೆ ಹೊರಟಳು. ಹಿಂದೆ ನಾನು, ಒಂದು ಕೈಯಲ್ಲಿ ಅಕ್ಕಿಯ ಬುಟ್ಟಿ, ಇನ್ನೊಂದರಲ್ಲಿ ಸಸಿಗಳ ಚೀಲ. “ಬುಟ್ಟಿ ಹಿಡೀರಿ, ಬಾಯಿ ಮುಚ್ಚರಿ” ಎಂಬುದು ನನಗಿದ್ದ ಏಕೈಕ ಆದೇಶ. ಹೆಡ್‌ಮಾಸ್ತರರ ಹೆಂಡತಿ ಸಂಭ್ರಮದಿಂದ ಸೆರಗು ಒಡ್ಡಿದರು. ಅಕ್ಕಿ ಬಿತ್ತು, ಖಣ ಬಿತ್ತು, ಅದರ ಮೇಲೆ ಬೇವಿನ ಸಸಿ ಕುಳಿತಿತು. ಒಳಗಿನಿಂದ ಹೆಡ್‌ಮಾಸ್ತರರು “ಸಂಪು...” ಎಂದರು. “ಉಡ್ಯಾಗ ಬಂದೈತಿ, ಸುಮ್ನಿರ್ರಿ” ಎಂದರು ಹೆಂಡತಿ. ಪದ್ಮಾವತಮ್ಮ ಹೊಂಗೆಯನ್ನು ಕಣ್ಣಿಗೊತ್ತಿಕೊಂಡು ಇಳಿಸಿಕೊಂಡರು, ಎಲೆಗಳ ಸಮೇತ. ಮಾಳಿಗೆ ಬರಿದಾಯಿತು. ನಾನು ಬಚ್ಚಲಿನಲ್ಲಿ ಏಕಾಂತವಾಗಿ ಸ್ನಾನ ಮಾಡಿದೆ. ಕೊನೆಗೆ ಉಳಿದದ್ದು, ಮೂಲೆಗೆಂದು ಗಿರಿಜೆ ಎತ್ತಿಟ್ಟಿದ್ದ ಒಂದು ಗಟ್ಟಿ ಬೇವು.

ಶರಣಮ್ಮನ ಮನೆಯ ದಾರಿಯಲ್ಲಿ ನಾನು ಆದೇಶ ಮುರಿದೆ. “ಗಿರಿಜಾ, ಗಂಡ ಇಲ್ಲದೋರಿಗೆ ಉಡಿ ತುಂಬೂದಿಲ್ಲ. ಅವ್ರು ಅಪಮಾನ ಅಂತ ತಿಳಕೊಂಡ್ರ? ಓಣಿಯವರು ಏನರ ಅಂದ್ರ? ಮುಂದಿನ ಎಲೆಕ್ಷನ್...”

“ಬುಟ್ಟಿ ಓರೆ ಆಗೇತಿ, ನೆಟ್ಟಗ ಹಿಡೀರಿ” ಎಂದಳು.

ಟ್ಯಾಂಕರಿಗೆ ಕಾಯುತ್ತಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ಶರಣಮ್ಮ ಬಾಗಿಲಿಗೆ ಬಂದು, ಬುಟ್ಟಿ ನೋಡಿ, ಗಿರಿಜೆಯನ್ನು ನೋಡಿದರು. “ಯವ್ವಾ, ನನಗ್ಯಾಕ ಇದು? ಕಣ್ಣು ಕಾಣವಲ್ಲವೇನು ನಿನಗ?”

“ಕಾಣ್ತಾವ್ರಿ. ಸೆರಗು ಹಿಡೀರಿ.”

ಹಿಟ್ಟು ಮೆತ್ತಿದ ಆ ಕೈಗಳು ಸೆರಗಿನ ತುದಿಯನ್ನು ಮುಟ್ಟಿದವು, ಬಿಟ್ಟವು, ಮತ್ತೆ ಮುಟ್ಟಿದವು. ಆಮೇಲೆ ಶರಣಮ್ಮ ಮುಖವನ್ನು ಪಕ್ಕಕ್ಕೆ ತಿರುಗಿಸಿ, “ಅಕ್ಕಿ ಎಲ್ಲಿದು?” ಎಂದರು.

“ಸಿರುಗುಪ್ಪದ್ದು. ಸೋನಾ.”

“ಹಂಗಾರ ಹಾಕು.”

ಗಿರಿಜೆ ಬೊಗಸೆ ತುಂಬಿ ಹಾಕಿದಳು. ಸರತಿಯಲ್ಲಿದ್ದ ಹೆಂಗಸೊಬ್ಬಳು ಕೊಡ ಕೆಳಗಿಟ್ಟು ಬಂದು ತಾನೂ ಒಂದು ಮುಷ್ಟಿ ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು. ಅಕ್ಕಿ, ಖಣ, ಬೇವು ಎಲ್ಲವನ್ನೂ ಶರಣಮ್ಮ ಎದೆಗವಚಿಕೊಂಡರು. ನಾನು ಮೋಡ ನೋಡುವ ನೆಪ ಮಾಡಿದೆ. ಅವರು ಮತ್ತೆ ಬಾಯಿ ತೆರೆದಾಗ ದನಿ ಮೊದಲಿನಷ್ಟೇ ಜೋರಾಗಿತ್ತು.

“ಗಿಡ ಹಚ್ರಿ. ಆದ್ರ ನೀರು ನಾ ಹಾಕಂಗಿಲ್ಲ, ಎಲಿ ನಾ ಬಳಿಯಂಗಿಲ್ಲ, ಈಗ ಹೇಳೀನಿ. ಉಡಿ ತುಂಬಿದಾಕಿ ನನಗ ಮಗಳಾದ್ಲು. ಅಂದಮ್ಯಾಲ ಅಳಿಯ ಅದಾನಲ್ಲ, ಹಿಂಗ ಮ್ಯಾಲ ನೋಡಕೋತ ನಿಂತಾನ, ಅವ ಮಾಡ್ಲಿ.”

ಸರತಿಯೆಲ್ಲ ಗೊಳ್ಳೆಂದಿತು. ಗಿರಿಜೆ ನನ್ನ ಪರವಾಗಿ ತಕ್ಷಣ ಒಪ್ಪಿಕೊಂಡಳು. ಅಳಿಯನನ್ನು ಮಣೆ ಹಾಕಿ ಕೂಡಿಸಿ ಉಪಚರಿಸುವುದು ನಮ್ಮ ಕಡೆಯ ಪದ್ಧತಿ ಎಂದು ನಾನು ಹೇಳಬೇಕೆಂದಿದ್ದೆ. ನನಗಿದ್ದ ಆದೇಶ ಇನ್ನೂ ಜಾರಿಯಲ್ಲಿತ್ತು.

ಈಗ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ನಾನು ಒಂದು ಕೊಡ ನೀರು, ಒಂದು ಕಸಬರಿಗೆ ಹಿಡಿದು ಮೂಲೆಗೆ ಹೋಗುತ್ತೇನೆ. ಶರಣಮ್ಮ ಕಟ್ಟೆಯ ಮೇಲೆ ಕುಳಿತು ಮೇಲ್ವಿಚಾರಣೆ ಮಾಡುತ್ತಾರೆ. “ಆ ಸಂದ್ಯಾಗ ಉಳದೈತಿ ನೋಡು ಅಳಿಯಾ.” ಕೆಲಸ ಮುಗಿದರೆ ಒಂದು ಬಿಸಿ ರೊಟ್ಟಿ ಸಿಗುತ್ತದೆ, ಆದ್ದರಿಂದ ದೂರಲಾರೆ. ಆಡುಗಳು ಜಾಲರಿ ಹಾರಿಯಾವೆಂದು ಚಿಂತೆ ಇದ್ದೇ ಇದೆ.

ಕಳೆದ ಭಾನುವಾರದ ವರದಿಯನ್ನು ಗಿರಿಜೆ ನನ್ನಿಂದ ಬರೆಸಲಿಲ್ಲ, ತಾನೇ ಕುಟ್ಟಿದಳು. ‘ಕೊಟ್ಟ ಮಾತಿನಂತೆ ಸಸಿಗಳೆಲ್ಲ ನೆಲದಲ್ಲಿವೆ’ ಎಂದು ಬರೆದು, ಕೆಳಗೆ ಮೂಲೆಯ ಬೇವಿನ ಫೋಟೋ ಹಾಕಿದ್ದಳು. ಫೋಟೋದಲ್ಲಿ ಬೇವಿನ ಹಿಂದೆ, ಲುಂಗಿ ಎತ್ತಿ ಕಟ್ಟಿ, ಬಗ್ಗಿ ಕಸ ಹೊಡೆಯುತ್ತಿದ್ದ ಒಂದು ಬೆನ್ನು ಕಾಣುತ್ತಿತ್ತು. ಹಿಂದಿನ ಓಣಿಯವರೊಬ್ಬರು ಕೂಡಲೇ ಬರೆದರು: ‘ಮೇಡಂ, ಈ ಹೊಸ ಪೌರಕಾರ್ಮಿಕರು ಬಹಳ ಶ್ರದ್ಧೆಯವರು ಕಾಣುತ್ತಾರೆ. ದಯವಿಟ್ಟು ನಮ್ಮ ಓಣಿಗೂ ಕಳಿಸಿ.’

ನಾನು ಸ್ಪಷ್ಟೀಕರಣ ಬರೆಯಲು ಕನ್ನಡಕ ಹುಡುಕುವುದರೊಳಗೆ ಅಡುಗೆಮನೆಯಿಂದ ಸದಸ್ಯೆಯ ಉತ್ತರ ಹೋಗಿಯಾಗಿತ್ತು: ‘ಖಂಡಿತ. ಸೋಮವಾರದಿಂದ ಬರುತ್ತಾರೆ.’