ಹನ್ನೆರಡನೆಯ ಸಂದರ್ಭ

ಎಲ್ಲವನ್ನೂ ಮೊದಲೇ ಯೋಚಿಸಿ ಕಾಗದದ ಮೇಲೆ ಬರೆದಿಡುವುದು ನನ್ನ ಹುಟ್ಟುಗುಣ. ಲಿಂಗಸುಗೂರಿನ ಮಾವನ ಮನೆಗೆ ಹೊರಟರೂ, ಬಸ್ಸು ಬಂದರೆ ಹೀಗೆ, ಬರದಿದ್ದರೆ ಹಾಗೆ, ಬಂದೂ ನಿಲ್ಲದಿದ್ದರೆ ಇನ್ನೊಂದು ಎಂದು ಚೀಟಿ ಬರೆಯುತ್ತೇನೆ. "ನೀವು ಚೀಟಿ ಬರೆಯೋದ್ರಾಗ ಬಸ್ಸು ಹೋತು ನೋಡ್ರಿ" ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಆ ಸಾಧ್ಯತೆಯನ್ನು ಮಾತ್ರ ನಾನು ಯಾವ ಚೀಟಿಯಲ್ಲೂ ಬರೆದಿಲ್ಲ.

ಎಂಬತ್ತರ ದಶಕದ ಕೊನೆಗೆ ನಾನು ಸಿಂಧನೂರಿನಲ್ಲಿ ಕಾಲುವೆಯ ಇಂಜಿನಿಯರ್. ನನ್ನ ಪಾಲಿನ ಉಪಕಾಲುವೆಗೆ ಮೂರು ಗೇಟು: ನೀರು ಒಳಬರುವುದೊಂದು, ಹೊಲಗಳ ಕಡೆಗೊಂದು, ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡುವುದೊಂದು. ಒಂದೊಂದೂ ಮುಚ್ಚಿರಬಹುದು, ಅರ್ಧ ತೆರೆದಿರಬಹುದು, ಪೂರ್ತಿ ತೆರೆದಿರಬಹುದು. ಒಟ್ಟು ಇಪ್ಪತ್ತೇಳು ಜೋಡಣೆ! ಅದು ಹೊಳೆದ ದಿನ ಖುಷಿಗೆ ಊಟ ಸೇರಲಿಲ್ಲ. ಮಳೆ ಬಂದರೆ, ಕಸ ಕಟ್ಟಿದರೆ, ಎಮ್ಮೆ ಸಿಕ್ಕಿಬಿದ್ದರೆ ಎಂದು ಹನ್ನೊಂದು ಸಂದರ್ಭ ಬರೆದೆ. ಯಾವುದರಲ್ಲಿ ಯಾವ ಗೇಟು ಹೇಗಿದ್ದರೆ ನೀರು ಎಲ್ಲಿಗೇರುತ್ತದೆ ಎಂದು ದೊಡ್ಡ ನಕ್ಷೆ ಮಾಡಿ ಗೇಟಿನ ಪಕ್ಕದ ಕೋಣೆಯ ಗೋಡೆಗೆ ಅಂಟಿಸಿದೆ. ಗೇಟು ಕಾಯುವ ಹುಲಿಗೆಪ್ಪ ದಿನಾ ಅದಕ್ಕೆ ಊದುಬತ್ತಿ ಹಚ್ಚುತ್ತಿದ್ದ, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ನಾನು ಉಬ್ಬಿಹೋಗಿದ್ದೆ.

ನಕ್ಷೆ ಕೆಡಿಸುತ್ತಿದ್ದವರು ರೈತರು. ಗೇಟು ತಿರುಗಿಸುವ ಹ್ಯಾಂಡಲಿನ ನಕಲನ್ನು ಮಸ್ಕಿಯ ಕಮ್ಮಾರನ ಬಳಿ ಮಾಡಿಸಿ, ಮನಸ್ಸಿಗೆ ಬಂದಾಗ ನೀರು ಬಿಟ್ಟುಕೊಳ್ಳುತ್ತಿದ್ದರು. ಸಿಟ್ಟಿಗೆದ್ದು ಮನೆ ಮನೆ ಹೊಕ್ಕು ನಕಲುಗಳನ್ನೆಲ್ಲ ಜಪ್ತಿ ಮಾಡಿದೆ. ಹುಲಿಗೆಪ್ಪನ ಮೇಲೂ ಅನುಮಾನ ಬಂದು, ಅಸಲು ಹ್ಯಾಂಡಲನ್ನು ಸಿಂಧನೂರಿನ ಆಫೀಸಿನ ಬೀರುವಿನಲ್ಲಿಟ್ಟು ಕೀಲಿ ಹಾಕಿದೆ. "ನಿನ್ನ ಹತ್ರ ನಕಲು ಸಿಕ್ರ ನೌಕರಿ ಕಳೀತೀನಿ" ಎಂದೂ ಹೆದರಿಸಿದೆ.

ಒಂದು ಮಧ್ಯಾಹ್ನ ಮಾವನ ಮನೆಯಿಂದ ಬಸ್ಸಿನಲ್ಲಿ ಮರಳುತ್ತಿದ್ದೆ. ಬೆಳಗಿನಿಂದ ಒಂದೇ ಸಮನೆ ಮಳೆ. ಮಸ್ಕಿ ದಾಟಿ ಕಾಲುವೆಯ ಸೇತುವೆ ಬಂದಾಗ ನಾನು ಬರುವ ಬಸ್ಸು ಗೊತ್ತಿದ್ದ ಹುಲಿಗೆಪ್ಪ ನಡುರಸ್ತೆಯಲ್ಲಿ ಕೈ ಬೀಸುತ್ತ ನಿಂತಿದ್ದ.

"ಸಾಹೇಬ್ರ, ಮಳಿ ಅಂತ ರೈತರೆಲ್ಲ ಹೊಲದ ತೂಬು ಮುಚ್ಚ್ಯಾರ. ನೀರು ದಂಡಿ ಮುಟ್ಟಾಕತ್ತೈತ್ರಿ. ಹ್ಯಾಂಡಲ್ ಕೊಡ್ರಿ, ಜಲ್ದಿ!"

ಬಸ್ಸಿಳಿದು ಓಡಿಹೋಗಿ ನೋಡಿದೆ. ದಂಡೆಯ ಅಂಚಿಗೆ ನಾಲ್ಕು ಬೆರಳು ಬಾಕಿ. ಕೆಳಗೆ ಭತ್ತದ ನಾಟಿಗೆ ಬಂದ ಕೂಲಿಯವರ ಗುಡಿಸಲುಗಳು. ದಂಡೆ ಒಡೆದರೆ ನೀರು ಮೊದಲು ನುಗ್ಗುವುದು ಅಲ್ಲಿಗೇ.

"ಅವ್ರನ್ನ ಮ್ಯಾಲ ಕರಿಯಲೇ!"

"ಕರದೀನ್ರಿ. ಮುದುಕ್ರು ಅದಾರ, ಬಾಣಂತಿ ಅದಾಳ. ಹೊತ್ತು ಹಿಡೀತೈತ್ರಿ."

ನನ್ನ ನಕ್ಷೆಯ ನಾಲ್ಕನೆಯ ಸಂದರ್ಭ ಇದೇ: ಮೂರನೆಯ ಗೇಟು ಪೂರ್ತಿ ತೆರೆಯಬೇಕು. ಎಷ್ಟು ಸರಿಯಾಗಿ ಬರೆದಿದ್ದೆ! ಕಿಸೆಗೆ ಕೈ ಹಾಕಿದರೆ ಸಿಕ್ಕಿದ್ದು ಬೀರುವಿನ ಕೀಲಿಕೈ. ಸಿಂಧನೂರಿಗೆ ಹೋಗಿ ಬರುವಷ್ಟರಲ್ಲಿ ದಂಡೆ ಉಳಿಯುವಂತಿರಲಿಲ್ಲ.

ಹುಲಿಗೆಪ್ಪ ನೀರನ್ನು ನೋಡಿದ, ನನ್ನನ್ನು ನೋಡಿದ. "ನೌಕರಿ ಕಳಿಯಂಗಿಲ್ಲ ಅಂದ್ರ ಒಂದು ಮಾತು ಹೇಳ್ತೀನ್ರಿ."

"ಕಳಿಯಂಗಿಲ್ಲ, ಹೇಳಲೇ!"

ಅವನು ಕೋಣೆಗೆ ನುಗ್ಗಿ ನನ್ನ ನಕ್ಷೆಯನ್ನು ಪರ್ರನೆ ಹರಿದ. ಹಿಂದೆ ಗೋಡೆಯಲ್ಲೊಂದು ಗೂಡು. ಗೂಡಿನಲ್ಲಿ ಎಣ್ಣೆ ಹಚ್ಚಿಟ್ಟ ಹೊಸ ನಕಲು ಹ್ಯಾಂಡಲ್. ಇಬ್ಬರೂ ಸೇರಿ ತಿರುಗಿಸಿದೆವು. ಗೇಟು ಕಿರುಗುಟ್ಟಿ ಮೇಲೆದ್ದು ನೀರು ಹಳ್ಳಕ್ಕೆ ಧುಮುಕಿತು. ಅಷ್ಟು ಹೊತ್ತು ಅವನ ಬಾಯಿ ಕಟ್ಟಿದ್ದು ನನ್ನ ಬೆದರಿಕೆಯೇ ಎಂದು ಆಮೇಲೆ ಹೊಳೆದು ನಾಚಿಕೆಯಾಯಿತು.

ಮರುದಿನ ಹ್ಯಾಂಡಲನ್ನು ಗೂಡಿನಲ್ಲೇ ಬಿಟ್ಟು, ಹರಿದ ನಕ್ಷೆಯನ್ನು ಜೋಡಿಸಿ ಅದರ ಮೇಲೆ ಮತ್ತೆ ಅಂಟಿಸಿದೆ. ಕೆಳಗೆ ಒಂದು ಸಾಲು ಸೇರಿಸಿದೆ. ಸಂದರ್ಭ ಹನ್ನೆರಡು: ಇಂಜಿನಿಯರ್ ಸಾಹೇಬರು ಕೀಲಿ ಹಾಕಿಕೊಂಡು ಮಾವನ ಮನೆಗೆ ಹೋಗಿದ್ದಾರೆ. ಮಾಡಬೇಕಾದದ್ದು: ಈ ನಕ್ಷೆಯನ್ನು ಹರಿಯಿರಿ.